ಸೋಮವಾರದ ತಕ್ಕಡಿ

ಜನವರಿ 9, ಗುರುವಾರ

ಎರಡು ಕ್ಲಾಸು ಮುಗಿಸಿ ಬಂದು, ರೊಟ್ಟಿ ತಿಂದು, ಲ್ಯಾಪ್‌ಟಾಪ್ ತೆರೆದೆ. ಇವತ್ತಿನ ಕೆಲಸ, ಸಾಫ್ಟ್‌ವೇರಿನ ಮೆನುವಿಗೆ ಕನ್ನಡ: 'ಓಪನ್'ಗೆ 'ತೆರೆ'. 'ಸೇವ್'ಗೆ 'ಉಳಿಸು'. 'ಕ್ಯಾನ್ಸಲ್'ಗೆ 'ಬೇಡ'. ಅರ್ಥಶಾಸ್ತ್ರದಲ್ಲಿ ಎಂ.ಫಿಲ್. ಮಾಡಿದ ಹೆಂಗಸು 'ಬೇಡ' ಎಂದು ಟೈಪ್ ಮಾಡುತ್ತ ಕುಳಿತಿದ್ದೇನೆ.

ಅಷ್ಟರಲ್ಲಿ ಗ್ರೂಪಿನಲ್ಲಿ ಸೈಫುದ್ದೀನ್ ಸರ್ ಮೆಸೇಜು. ನಮಗೆಲ್ಲ ಸ್ಟ್ಯಾಟಿಸ್ಟಿಕ್ಸ್ ಕಲಿಸಿದವರು. ಈಗ ನಿವೃತ್ತಿಯಾಗಿ ಹುಮನಾಬಾದಿನಲ್ಲಿದ್ದಾರೆ. ಎಕನಾಮೆಟ್ರಿಕ್ಸ್‌ನ ಒಂದು ಪುಕ್ಕಟೆ ಸಾಫ್ಟ್‌ವೇರಿಗೆ ಕನ್ನಡದಲ್ಲಿ ಸಹಾಯದ ಪುಟ ಬರೆಸುವ ಹುಚ್ಚು ಹಿಡಿಸಿಕೊಂಡು ನಮಗೂ ಹಿಡಿಸಿದ್ದಾರೆ. ಯಾರಿಗೆ ಯಾವ ಪುಟ ಎಂದು ಇವತ್ತು ಹಂಚಿದರು. ಆಟೋಕೋರಿಲೇಶನ್ ಪ್ಲಾಟ್ — ಕಾಜಲ.

ಕಾಜಲ! ನಿರ್ಣಾ ಹಳ್ಳಿಯ ಹುಡುಗಿ. ಹುಮನಾಬಾದಿನ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಕಲಬುರಗಿ ಹಾಸ್ಟೆಲಿನಲ್ಲಿ ನನ್ನ ಜೂನಿಯರ್. ಆಟೋಕೋರಿಲೇಶನ್ ಅಂದರೆ ಏನೆಂದು ತಿಳಿಯದೆ ಅಳುತ್ತ ನನ್ನ ರೂಮಿಗೆ ಬಂದಿದ್ದಳು. ನಾನೇ ಕೂರಿಸಿಕೊಂಡು ಹೇಳಿಕೊಟ್ಟಿದ್ದೆ. ಈಗ ಪುಟ ಅವಳಿಗೆ, ಮೆನು ನನಗೆ. ಪುಟದ ಕೆಳಗೆ ಬರೆದವರ ಹೆಸರು ಬರುತ್ತದೆ. ಮೆನುವಿನ ಕೆಳಗೆ ಯಾರ ಹೆಸರೂ ಬರುವುದಿಲ್ಲ.

ಸರ್‌ಗೆ ಫೋನು ಹಚ್ಚಿದೆ. "ನೋಡವಾ ಮೀನಾ, ನೀ ಹುಷಾರ್ ಇದ್ದಿ, ಅದ್ರಾಗ ಶಕ್ ಇಲ್ಲ. ಖರೆ ಆಕೀ ಭಾಷಾ ಭಾಳ ಸಾದಾ ಅದ. ಹಳ್ಳಿ ಹುಡುಗೂರಿಗೂ ತಿಳೀತದ" ಅಂದರು. "ಹೌದ್ರಿ ಸರ್, ಛಲೋ ಆತ್ರಿ" ಅಂದೆ. ಫೋನಿಟ್ಟ ಮೇಲೆ ಮತ್ತೆ ಒಂದು 'ಬೇಡ' ಟೈಪ್ ಮಾಡಿದೆ.

ಹೊಟ್ಟೆಕಿಚ್ಚು. ಹೌದು, ಹೊಟ್ಟೆಕಿಚ್ಚೇ. ಇಲ್ಲಿ ಯಾರಿಗೆ ಹೆದರಬೇಕು?

ಜನವರಿ 12, ರವಿವಾರ, ಮುಂಜಾನೆ

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ. ಪ್ಲಾಟಿನಲ್ಲಿ ಸಾಲಾಗಿ ಕಡ್ಡಿಗಳು. ಮೊದಲ ಕಡ್ಡಿ, ಇವತ್ತಿನ ಅಂಕಿಗೂ ನಿನ್ನೆಯದಕ್ಕೂ ಎಷ್ಟು ಹೋಲಿಕೆ ಎಂದು ಹೇಳುತ್ತದೆ. ಎರಡನೆಯದು ಮೊನ್ನೆಯದಕ್ಕೆ. ಏಳನೆಯದು ಹೋದ ವಾರದ ಇದೇ ದಿನಕ್ಕೆ. ಮೇಲೊಂದು, ಕೆಳಗೊಂದು ಚುಕ್ಕೆಗೆರೆ. ಕಡ್ಡಿ ಗೆರೆಯೊಳಗಿದ್ದರೆ ಬರೀ ಆಕಸ್ಮಿಕ ಇರಬಹುದು. ದಾಟಿದರೆ ಏನೋ ಇದೆ, ಹುಡುಕು.

ಇಷ್ಟನ್ನು ಯಾರಾದರೂ ಬರೆಯುತ್ತಾರೆ. ಆ ಗೆರೆ ಎಳೆಯುವ ಮೊದಲು ಸಾಫ್ಟ್‌ವೇರು ನಮ್ಮನ್ನು ಕೇಳದೆ ಏನೇನು ಒಪ್ಪಿಕೊಂಡುಬಿಟ್ಟಿದೆ — ಅದನ್ನು ಬರೆಯಬೇಕು. ಅವೇ ಗೃಹೀತಗಳು. ಅಂಕಿಗಳ ಸರಾಸರಿ ಕಾಲಕ್ಕೆ ತಕ್ಕಂತೆ ಸರಿದಾಡುವುದಿಲ್ಲ ಎಂದು ಒಪ್ಪಿಕೊಂಡಿದೆ. ಎರಡು ಅಂಕಿಗಳ ನಡುವಿನ ಅಂತರ ಒಂದೇ ಸಮ ಎಂದು ಒಪ್ಪಿಕೊಂಡಿದೆ. ಗೆರೆ ನೆಟ್ಟಗಿದ್ದರೆ ಅಂಕಿಗಳಿಗೆ ಹಿಂದಿನ ನೆನಪೇ ಇಲ್ಲ ಎಂದು ಒಪ್ಪಿಕೊಂಡು ಎಳೆದದ್ದು. ಅವಳಿಗೆ ಇದೆಲ್ಲ ಹೊಳೆಯುತ್ತದೆಯೇ? ಹೊಳೆಯದಿರಲಿ ದೇವರೇ.

ಮನೆಯ ಮುಂದಿನ ಭಾಗದಲ್ಲೇ ನಮ್ಮ ಅಡತಿ ಅಂಗಡಿ. ತೊಗರಿ, ಕಡಲೆ ಕೊಳ್ಳುತ್ತಾರೆ. ರವಿವಾರ ಹಳ್ಳಿಯ ಮಂದಿ ಬಸವಕಲ್ಯಾಣಕ್ಕೆ ಬರುವ ದಿನ, ತೂಕದವರಿಗೆ ಉಸಿರಾಡಲು ಬಿಡುವಿಲ್ಲ. ನಡುವೆ ಬಸವಕುಮಾರ, ನನ್ನ ಗಂಡ, ನೀರು ಕುಡಿಯಲು ಒಳಗೆ ಬಂದರು.

"ಯಾಕ, ಮಾರಿ ಗಂಟ್ ಹಾಕ್ಕೊಂಡ್ ಕುಂತಿ?"

"ಕಾಜಲಗ ಪುಟ ಕೊಟ್ಟಾರ್ರಿ."

"ಕೊಟ್ರ ಕೊಡ್ಲಿ ಬಿಡು. ನೀನೇ ಕಲಿಸಿದ ಹುಡುಗಿ ಅಲ್ಲೇನು?"

ಅದಕ್ಕೇ ಉರಿಯುತ್ತಿದೆ ಮಾರಾಯಾ. ಹೇಳಲಿಲ್ಲ. ಚೊಂಬು ತೊಳೆದಿಟ್ಟೆ.

ಜನವರಿ 19, ರವಿವಾರ

ಬಂದಳು. ಹೇಳದೆ ಕೇಳದೆ, ಹುಮನಾಬಾದಿನಿಂದ ಬಸ್ಸು ಹತ್ತಿ. ಕೈಯಲ್ಲಿ ಅವರ ಹೊಲದ ಸೀತನಿ. ಅತ್ತೆ ಹಸಿ ಜೋಳದ ತೆನೆ ನೋಡಿ ಕುಣಿದುಬಿಟ್ಟರು.

"ಇಕಿ ನೋಡು, ಮನಿಗಿ ಬರಬೇಕಾದ್ರ ಹ್ಯಾಂಗ ಬರಬೇಕಂತ ಗೊತ್ತದ" ಅಂದರು ನನ್ನ ಅತ್ತೆ ರುಕ್ಮಿಣಿಬಾಯಿ, ನನ್ನ ಕಡೆ ನೋಡಿ. ನಾನೇನು ಈ ಮನೆಗೆ ಖಾಲಿ ಕೈಯಲ್ಲಿ ಬಂದೆನೇ?

ಅವಳಿಗೆ ಬೇಕಾದದ್ದು ಅಂಕಿಗಳು. ಇಂಗ್ಲಿಷ್ ಪುಟದಲ್ಲಿ ಯಾವುದೋ ದೇಶದ ವಿಮಾನ ಪ್ರಯಾಣಿಕರ ಉದಾಹರಣೆ ಇದೆಯಂತೆ. "ಅದು ನಮ್ಮ ಹುಡುಗೂರಿಗಿ ಏನ್ ತಿಳೀಬೇಕ್ರಿ ಅಕ್ಕಾ? ತೊಗರಿ ರೇಟು ಅಂದ್ರ ಕಿವಿ ನಿಗರ್ತಾವ" ಅಂದಳು. ನಮ್ಮವರು ರೈತರ ವಾಟ್ಸಾಪ್ ಗ್ರೂಪಿಗೆ ದಿನಾ ಮುಂಜಾನೆ ತೊಗರಿ ರೇಟು ಹಾಕುತ್ತಾರೆ. ಅವಳ ಅಪ್ಪ ಹೇಳಿದ್ದನಂತೆ.

ನಮ್ಮವರು ಕೂಡಲೇ ಮೊಬೈಲು ತೆಗೆದು ತೋರಿಸತೊಡಗಿದರು. ಅವಳು ಬೆರಳಿಟ್ಟು ಕೇಳುವುದು, ಇವರು ನಗುವುದು. "ಅಣ್ಣಾರೀ, ಈ ದಿನ ಯಾಕ್ ಇಷ್ಟ್ ಬಿತ್ತ್ರಿ?" "ಅವತ್ತ ಬ್ಯಾರೆ ದೇಶದ ತೊಗರಿ ಬಂತವಾ ತಂಗಿ!" ನಾನು ಎಂ.ಫಿಲ್. ಮಾಡುವಾಗ ಒಂದು ದಿನ ಇವರನ್ನು ರೇಟು ಕೇಳಿದ್ದಕ್ಕೆ, 'ಅಂಗಡ್ಯಾಗ ಗದ್ಲ ಅದ, ಆಮ್ಯಾಲ ಹೇಳ್ತೀನಿ' ಅಂದಿದ್ದರು. ಆ ಆಮ್ಯಾಲ ಇನ್ನೂ ಬಂದಿಲ್ಲ.

"ಎಕ್ಸೆಲ್ ಮಾಡಿ ನಾನೇ ಕಳಸ್ತೀನಿ ಬಿಡು ಕಾಜಲ" ಅಂದೆ. ಅವಳ ಬೆರಳು ನನ್ನ ಗಂಡನ ಮೊಬೈಲಿನಿಂದ ಏಳಲಿ ಅಂತ.

ಜನವರಿ 22, ಬುಧವಾರ

ಎಕ್ಸೆಲ್ ಮಾಡುತ್ತ ಕುಳಿತೆ. ರೇಟು ಏರಲಿ ಇಳಿಯಲಿ, ದಿನಕ್ಕೆ ಎಷ್ಟು ಅಲುಗಿತು — ಆ ಕಾಲಮ್ಮೂ ಬೇಕು ಅಂದಿದ್ದಳು. ಮಾಡಿದೆ. ಸೊನ್ನೆ. ಮತ್ತೆ ಸೊನ್ನೆ. ವಾರಕ್ಕೊಂದು ಸೊನ್ನೆ.

ಎಲ್ಲವೂ ಸೋಮವಾರ.

ನನಗೆ ನಗು ಬಂತು. ಇದು ನಮ್ಮ ಮನೆಯ ನೇಮ. ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲವಲ್ಲ, ಹಾಗೆ ಮಾವನವರು ತಕ್ಕಡಿಗೂ ಸೋಮವಾರ ಬಿಡುವು ಕೊಟ್ಟಿದ್ದರು. ಅವರು ಹೋಗಿ, ಎಲೆಕ್ಟ್ರಾನಿಕ್ ತಕ್ಕಡಿ ಬಂದು, ನೇಮ ಹಾಗೇ ಉಳಿದಿದೆ. ಅತ್ತೆ ಮುಂಜಾನೆ ಅದಕ್ಕೆ ವಿಭೂತಿ ಹಚ್ಚಿ ಒಗೆದ ಟಾವೆಲ್ ಹೊದಿಸುತ್ತಾರೆ. ಅವತ್ತು ಒಂದು ಕಾಳೂ ತೂಗುವುದಿಲ್ಲ. ಊರಿನ ಬೇರೆ ಯಾವ ಅಂಗಡಿಯಲ್ಲೂ ಹೀಗಿಲ್ಲ. ಆದರೆ ಒಂದು ದಿನ ರೇಟು ಹಾಕದಿದ್ದರೆ ರೈತರು ಬೇರೆಯವರ ಗ್ರೂಪಿಗೆ ಹೋಗುತ್ತಾರೆ ಎಂದು ಇವರಿಗೆ ಭಯ. ರವಿವಾರದ ರೇಟನ್ನೇ ಸೋಮವಾರ ಫಾರ್ವರ್ಡ್ ಮಾಡಿ ಕೂರುತ್ತಾರೆ.

ಹಾಗಾದರೆ ಅದು ರೇಟೇ ಅಲ್ಲ. ಸೋಮವಾರಗಳನ್ನು ತೆಗೆಯಬೇಕು. ಇಲ್ಲವೇ ಅವಳಿಗೆ ಹೇಳಬೇಕು. ಹಾಗೇ ಬಿಟ್ಟರೆ ಈ ಕಾಲಮ್ಮಿನ ಪ್ಲಾಟಿನಲ್ಲಿ ಏಳನೆಯ ಕಡ್ಡಿ ಎದ್ದು ನಿಲ್ಲುತ್ತದೆ. ಹದಿನಾಲ್ಕನೆಯದೂ. ಇಪ್ಪತ್ತೊಂದನೆಯದೂ. ಸೊನ್ನೆಯಾದ ಏಳು ದಿನಕ್ಕೆ ಮತ್ತೆ ಸೊನ್ನೆಯಲ್ಲವೇ?

ಅಷ್ಟರಲ್ಲಿ ಅವಳದೇ ಮೆಸೇಜು: "ಅಕ್ಕಾ, ನಡುವ ಬಂದ್ ಇದ್ದ ದಿನ ಅದಾವೇನ್ರಿ?"

ಬರೆದೆ: "ಇಲ್ಲವಾ. ದಿನಾ ರೇಟು ಬರ್ತದ. ಒಂದೂ ಖಾಲಿ ಇಲ್ಲ."

'ದಿನಾ ರೇಟು ಬರ್ತದ' — ಸುಳ್ಳಲ್ಲ. 'ಒಂದೂ ಖಾಲಿ ಇಲ್ಲ' — ಸುಳ್ಳಲ್ಲ. ಮೊದಲಿನ ಆ 'ಇಲ್ಲವಾ' ಮಾತ್ರ... ಕಳಿಸಿಬಿಟ್ಟಿದ್ದೇನೆ. ಎರಡು ಕೈ ಜೋಡಿಸಿದ ಇಮೋಜಿ ಬಂತು.

ಜನವರಿ 23

ನಾಳೆ ಹೇಳುತ್ತೇನೆ.

ಫೆಬ್ರವರಿ 2, ರವಿವಾರ

ಹೇಳಲಿಲ್ಲ. ಇವತ್ತು ಅವಳ ಕರಡು ಗ್ರೂಪಿಗೆ ಬಂತು.

ಏಳು, ಹದಿನಾಲ್ಕು, ಇಪ್ಪತ್ತೊಂದು. ಮೂರು ಕಡ್ಡಿಗಳು ಚುಕ್ಕೆಗೆರೆ ದಾಟಿ ಲೈಟಿನ ಕಂಬದ ಹಾಗೆ ನಿಂತಿವೆ. ಅದಕ್ಕೆ ಅವಳು ಒಂದು ಕಥೆಯನ್ನೇ ಕಟ್ಟಿದ್ದಾಳೆ. ದಾಲ್ ಮಿಲ್ಲಿನವರು ವಾರಕ್ಕೊಮ್ಮೆ ಖರೀದಿ ಲೆಕ್ಕ ಮಾಡುತ್ತಾರೆ, ಆದ್ದರಿಂದ ತೊಗರಿ ಮಾರುಕಟ್ಟೆಗೆ ವಾರದ ನೆನಪು ಇದೆ, ಇತ್ಯಾದಿ. ಓದುತ್ತ ಓದುತ್ತ ನಾನು ಒಬ್ಬಳೇ ನಕ್ಕೆ. ಅತ್ತೆ ಅಡುಗೆಮನೆಯಿಂದ ಇಣುಕಿ ನೋಡಿದರು.

ಆದರೆ ಮೊದಲ ಪ್ಯಾರಾ. ಆ ಪ್ಯಾರಾ ಓದಿದ ಮೇಲೆ ನಗು ನಿಂತಿತು. ಬರೆದಿದ್ದಾಳೆ: "ನಿನ್ನೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದ ಬೋಗುಣಿಯಲ್ಲಿ ಇವತ್ತು ಹಾಲು ಕಾಯಿಸಿ. ವಾಸನೆ ಬರುತ್ತದೆ. ನಾಳೆ ಕಾಯಿಸಿದರೆ ಕಡಿಮೆ ಬರುತ್ತದೆ. ಎಷ್ಟು ದಿನದವರೆಗೆ ಬರುತ್ತದೆ ಎಂದು ತೋರಿಸುವುದೇ ಈ ಪ್ಲಾಟು." ಇದು ಅವಳಿಗೆ ಹ್ಯಾಗೆ ಹೊಳೆಯಿತು! ನನಗೇಕೆ ಹೊಳೆಯಲಿಲ್ಲ! ಗೃಹೀತಗಳನ್ನೂ ಎಲ್ಲ ಬರೆದಿದ್ದಾಳೆ. ಸರಾಸರಿ ಸರಿದಾಡಬಾರದು, ಅಂತರ ಸಮ ಇರಬೇಕು, ಗೆರೆ ಯಾಕೆ ನೆಟ್ಟಗೆ, ಯಾವಾಗ ಅಗಲ. ಒಂದೂ ಬಿಟ್ಟಿಲ್ಲ. ನಾನು ಬರೆದಿದ್ದರೂ ಇದಕ್ಕಿಂತ ಚೆನ್ನಾಗಿ ಬರುತ್ತಿರಲಿಲ್ಲ ಎಂದು ಬರೆಯಲು ಮನಸ್ಸಿಲ್ಲ. ಬರೆದೆ.

ಸರ್: "ವಾಹ್ ಕಾಜಲ! ಬೆಳ್ಳುಳ್ಳಿ ಬೋಗುಣಿ — ಕಮಾಲ್!" ಕೆಳಗೆ ಸಾಲಾಗಿ ಚಪ್ಪಾಳೆ. ನಾನೂ ಒಂದು ಚಪ್ಪಾಳೆ ಒತ್ತಿದೆ. ತಪ್ಪು ಬರೆದು ಇಷ್ಟು ಹೊಗಳಿಸಿಕೊಳ್ಳುತ್ತಾಳೆ, ಸರಿ ಗೊತ್ತಿದ್ದವಳು ಚಪ್ಪಾಳೆ ತಟ್ಟುತ್ತ ಕೂತಿದ್ದಾಳೆ.

ಹದಿನಾರಕ್ಕೆ ಸರ್ ಮನೆಯಲ್ಲಿ ಎಲ್ಲರೂ ಸೇರಿ ಪುಟಗಳನ್ನು ಕೊನೆಗೊಮ್ಮೆ ನೋಡುವುದಂತೆ. ಅವತ್ತು ಹೇಳುತ್ತೇನೆ. ಎಲ್ಲರೆದುರು.

ಫೆಬ್ರವರಿ 7, ಶುಕ್ರವಾರ

ಕಾಜಲಳ ಫೋನು. ಪುಟಕ್ಕೆ ನಮ್ಮ ತಕ್ಕಡಿಯ ಫೋಟೋ ಬೇಕಂತೆ. "ಸೋಮವಾರ ನಂಗ ಕ್ಲಾಸ್ ಇಲ್ರಿ ಅಕ್ಕಾ, ಬರ್ಲೇನ್ರಿ?"

"ಸೋಮವಾರ ಬ್ಯಾಡವಾ, ಮನ್ಯಾಗ ಮಂದಿ ಬರೋರಿದ್ದಾರ. ಫೋಟೋ ನಾನೇ ಕಳಸ್ತೀನಿ."

ಎಷ್ಟು ಸಲೀಸಾಗಿ ಬಂತು ಬಾಯಿಗೆ! ಹಿಂದೆಯೇ ಫೋಟೋ ತೆಗೆದು ಕಳಿಸಿದೆ. ತಕ್ಕಡಿಯ ಮೇಲೆ ತೊಗರಿ ಚೀಲ, ಪಕ್ಕದಲ್ಲಿ ನಗುತ್ತ ನಿಂತ ನನ್ನ ಗಂಡ. "ಅಣ್ಣಾರು ಭಾರಿ ಬಂದಾರ್ರಿ" ಎಂದು ಬರೆದಳು. ಅದಕ್ಕೂ ಸಿಟ್ಟು ಬಂತು.

ಫೆಬ್ರವರಿ 10, ಸೋಮವಾರ, ಮಧ್ಯಾಹ್ನ

ತಕ್ಕಡಿಗೆ ಟಾವೆಲ್. ಅಂಗಡಿ ತಣ್ಣಗಿದೆ. ಊಟಕ್ಕೆ ಕುಳಿತಾಗ ಇವರು ಒಮ್ಮೆಲೇ ಕೇಳಿದರು.

"ಏ, ಆ ಹುಡುಗಿಗಿ ಸೋಮವಾರದ್ದು ಹೇಳೀಯೋ ಇಲ್ಲೋ? ಇವತ್ತಿನ ರೇಟು ಖರೇ ರೇಟಲ್ಲ ನೋಡು."

"ಹೇಳೀನಿ" ಅಂದೆ. ರೊಟ್ಟಿಯ ಮಗ್ಗುಲಿಗೆ ಶೇಂಗಾ ಹಿಂಡಿ ಬಡಿಸಿದೆ.

ಇದು ಮಾತ್ರ ಹಸಿ ಹಸಿ ಸುಳ್ಳು. ಪರವಾಗಿಲ್ಲ. ಇನ್ನೇನು ರವಿವಾರ ಬಂತು. ಸೋಮವಾರಗಳನ್ನು ತೆಗೆದು ನಾನೇ ಪ್ಲಾಟ್ ಹಾಕಿ ನೋಡಿದೆ. ಮೂರೂ ಕಂಬಗಳು ಬಿದ್ದುಹೋದವು. ಎಲ್ಲ ಚುಕ್ಕೆಗೆರೆಯೊಳಗೆ, ತೆಪ್ಪಗೆ. ವಾರದ ನೆನಪೂ ಇಲ್ಲ, ಮಿಲ್ಲಿನವರೂ ಇಲ್ಲ. ಪೆನ್‌ಡ್ರೈವಿಗೆ ಹಾಕಿಟ್ಟೆ. ಯಾವ ಸೀರೆ ಉಡಲಿ ಎಂದೂ ಯೋಚಿಸಿದ್ದಾಯಿತು.

ಫೆಬ್ರವರಿ 16, ರವಿವಾರ, ಸಂಜೆ, ಹುಮನಾಬಾದ್ ಬಸ್‌ಸ್ಟ್ಯಾಂಡ್

ಬಸ್ಸು ಇನ್ನೂ ಬಂದಿಲ್ಲ. ಕೈ ಸುಮ್ಮನಿರುತ್ತಿಲ್ಲ, ಬರೆಯುತ್ತಿದ್ದೇನೆ.

ಸರ್ ಮನೆಯ ಪಡಸಾಲೆ. ಎಲ್ಲರೂ ಬಂದಿದ್ದರು. ಕಾಜಲ ತನ್ನ ಪುಟ ಓದಿದಳು. ಬೆಳ್ಳುಳ್ಳಿ ಬೋಗುಣಿಗೆ ಎಲ್ಲರೂ ನಕ್ಕರು. ಮೂರು ಕಂಬಗಳಿಗೆ ಎಲ್ಲರೂ ತಲೆದೂಗಿದರು. "ಬೋಲೋ, ಯಾರಿಗರೆ ಏನರೆ ಕೇಳೋದದೇನು?" ಅಂದರು ಸರ್.

ನಾನು ಎದ್ದೆ. ಪೆನ್‌ಡ್ರೈವ್ ಹಾಕಿದೆ. ನನ್ನ ಪ್ಲಾಟು ಗೋಡೆಯ ಮೇಲೆ ಬಂತು. "ಇದು ತಪ್ಪದರಿ ಸರ್. ವಾರದ ನೆನಪು ಗಿನಪು ಏನೂ ಇಲ್ರಿ. ಸೋಮವಾರ ನಮ್ಮ ಅಂಗಡ್ಯಾಗ ತಕ್ಕಡಿ ಮುಟ್ಟಂಗಿಲ್ಲ. ರವಿವಾರದ ರೇಟನೇ ಮತ್ತ ಹಾಕ್ತಾರ. ಅದಕ್ಕೇ ಆ ಕಡ್ಡಿ ನಿಂತಾವ. ಅಂತರ ಸಮ ಇರಬೇಕಂತ ಇಕಿನೇ ಬರ್ದಾಳ, ಖರೆ ಇಕಿನೇ ನೋಡಿಲ್ಲ." ಒಂದೇ ಉಸಿರಿನಲ್ಲಿ. ಎಷ್ಟು ದಿನದಿಂದ ಬಾಯಿಪಾಠ ಮಾಡಿದ್ದೆ!

ಕಾಜಲಳ ಮುಖ ಕೆಂಪಾಯಿತು. ನನಗೆ ಖುಷಿಯಾಯಿತು. ಸುಳ್ಳು ಯಾಕೆ ಬರೆಯಲಿ, ಭಾರೀ ಖುಷಿಯಾಯಿತು.

ಸರ್ ಕನ್ನಡಕ ತೆಗೆದು ಒರೆಸಿದರು. "ಶಾಬಾಶ್ ಮೀನಾ. ಬರೋಬ್ಬರಿ ಹಿಡದಿ. ಇದು ನಿನಗ ಯಾವಾಗ ಗೊತ್ತಾತು?"

ಯಾವಾಗ. ಅದೊಂದು ಪ್ರಶ್ನೆಗೆ ನಾನು ಏನೂ ತಯಾರಿ ಮಾಡಿಕೊಂಡಿರಲಿಲ್ಲ. "ಮೊನ್ನೆ..." ಅಂದೆ. ಆ ಮನೆಗೆ ಸೊಸೆಯಾಗಿ ಬಂದು ಎಷ್ಟೋ ವರ್ಷವಾಯಿತು. ಅಲ್ಲಿ ಕುಳಿತವರಿಗೆಲ್ಲ ಅದು ಗೊತ್ತು.

"ಅಂಕಿ ಕೊಟ್ಟವರು ನೀವೇ ಅಲ್ಲೇನು?" ಅಂದಳು ಗಜಾಲಾ. ಕಾಜಲಳ ಕಾಲೇಜಿನವಳೇ, ಅವಳ ಪಕ್ಕ ಕುಳಿತಿದ್ದಳು.

ಆಗ ಕಾಜಲ ಬಾಯಿ ಬಿಟ್ಟಳು. ನನ್ನ ಕಡೆ ನೋಡಲಿಲ್ಲ, ಸರ್ ಕಡೆ ನೋಡಿ ಹೇಳಿದಳು. "ನಾ ಅಕ್ಕಗ ಕೇಳಿದ್ದೆರಿ ಸರ್. ದಿನಾ ರೇಟು ಬರ್ತದ ಅಂದಿದ್ರು. ದಿನಾ ಬಂದದ್ರಿ, ಅದು ಖರೇನೇ. ಕೇಳೂದು ನನಗ ಬರಲಿಲ್ಲ." ಅಷ್ಟಕ್ಕೆ ನಿಲ್ಲಿಸಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆಮೇಲೆ ತಿರುಗಿ ನನ್ನನ್ನೇ ನೋಡಿದಳು. ಏನೋ ಆಗಷ್ಟೇ ಹೊಳೆದಂತೆ, ಮೆಲ್ಲಗೆ ಕೇಳಿದಳು.

"ಅಕ್ಕಾ... ಸೋಮವಾರ ಬರ್ತೀನಂದ್ರ ಬ್ಯಾಡಂದ್ರಲ್ಲ. ಇದಕ್ಕೇನ್ರಿ?"

ಗೋಡೆಯ ಮೇಲೆ ನನ್ನ ಪ್ಲಾಟು ಹಾಗೇ ಇತ್ತು, ಎಲ್ಲ ಕಡ್ಡಿ ಗೆರೆಯೊಳಗೆ. ಸರ್ ಮನೆಯವರು ಚಹಾ ತಂದರು. ಕಾಜಲ ಎದ್ದು ಟ್ರೇ ಇಸಿದುಕೊಂಡು ಎಲ್ಲರಿಗೂ ಕೊಟ್ಟಳು. ನನಗೂ ಕೊಟ್ಟಳು. ಕಪ್ಪು ತಿರುಗಿಸಿ, ಹಿಡಿಕೆ ನನ್ನ ಕಡೆ ಮಾಡಿ.

ಬಸ್ಸು ಬಂತು.

ಫೆಬ್ರವರಿ 19, ಬುಧವಾರ

ಸರ್ ಮೆಸೇಜು, ನನಗೊಬ್ಬಳಿಗೇ. ಕಾಜಲ ಪುಟದಿಂದ ತನ್ನ ಹೆಸರು ತೆಗೆದಿದ್ದಾಳಂತೆ. "ತಪ್ಪು ಹಿಡದವ್ರೇ ತಿದ್ದಿ ಹಾಕ್ಲಿ ಅಂದಾಳ. ಈಗ ಪುಟ ನಿಂದು. ಗೃಹೀತದಾಗ ಸೋಮವಾರದ್ದು ಸಾಫ್ ಸಾಫ್ ಬರಿ. ಓದೋ ಹುಡುಗೂರಿಗಿ ಹ್ಯಾಂಗ ಮೋಸ ಆಗ್ತದಂತ ತಿಳೀಬೇಕು." ಶಾಬಾಶ್ ಇಲ್ಲ. ಏನೂ ಇಲ್ಲ.

ಪುಟ ನನ್ನದಾಯಿತು. ಕೆಳಗೆ ನನ್ನ ಹೆಸರು, ಒಂದೇ ಹೆಸರು. ಬೇಕಿದ್ದದ್ದು ಇದೇ ಅಲ್ಲವೇ? ಅನ್ಯಾಯ ಆದವಳಾಗಿ ನಿಲ್ಲುವುದರಲ್ಲೂ ಅವಳೇ ಚೆಂದ. ಅದಕ್ಕೂ ಹೊಟ್ಟೆ ಉರಿಯುತ್ತದೆ.

ಸಂಜೆ ಅವಳು ಫೈಲು ಕಳಿಸಿದಳು. ನಾನು ಬರೆದು ಕೇಳಿದೆ: ಬೆಳ್ಳುಳ್ಳಿ ಬೋಗುಣಿ ನಿನ್ನದು, ಅದನ್ನು ತೆಗೆಯಲೋ ಇಡಲೋ? ಸ್ವಲ್ಪ ಹೊತ್ತಿಗೆ ಉತ್ತರ ಬಂತು.

"ಅದು ನಿಮ್ಮದೇ ಅಕ್ಕಾ. ಹಾಸ್ಟೆಲ್ ಮೆಸ್ಸಿನ್ಯಾಗ ಹಾಲು ಬೆಳ್ಳುಳ್ಳಿ ನಾರತದ ಅಂತ ನಾ ಕುಡೀಲಿಲ್ಲ. ಆವಾಗ ನೀವು ಹೇಳಿದ್ರಿ, ನೋಡು ಇದೇ ಆಟೋಕೋರಿಲೇಶನ್ ಅಂತ. ಅವತ್ತೇ ನಂಗ ತಿಳದಿದ್ದು. ಪುಟದ ತುಂಬ ನಿಮ್ಮ ಮಾತೇ ಅವ. ನಿಮಗ ಗುರ್ತ ಹತ್ತತದ ಅಂದ್ಕೊಂಡಿದ್ದೆ."

ಓದಿದೆ. ಮತ್ತೆ ಓದಿದೆ. ಅತ್ತೆ ಊಟಕ್ಕೆ ಕರೆದರು. ಹಸಿವಿಲ್ಲ ಅಂದೆ. ಸರ್ ಕಮಾಲ್ ಅಂದದ್ದು ಅವಳಿಗಲ್ಲ. ಎರಡು ವಾರ ನಾನು ಉರಿದದ್ದು ನನ್ನದೇ ಮಾತು ಕಂಡು. ಅವಳು ನೆನಪಿಟ್ಟುಕೊಂಡಿದ್ದಳು, ನಾನು ಮರೆತಿದ್ದೆ.

ಫೆಬ್ರವರಿ 24, ಸೋಮವಾರ, ಮುಂಜಾನೆ

ಅತ್ತೆ ತಕ್ಕಡಿಗೆ ವಿಭೂತಿ ಹಚ್ಚಿ ಟಾವೆಲ್ ಹೊದಿಸಿದರು. ಇವರು ಮೊಬೈಲು ಹಿಡಿದು ಬಂದು ನನ್ನ ಮುಂದೆ ನಿಂತರು. ಗ್ರೂಪಿಗೆ ಹಾಕಿದ್ದನ್ನು ತೋರಿಸಿದರು: "ಇಂದು ನಮ್ಮಲ್ಲಿ ತೂಕ ಇಲ್ಲ. ನಾಳೆ ಬರ್ರಿ."

"ಆ ಹುಡುಗಿ ಫೋನ್ ಮಾಡಿದ್ಳು. ಇನ್ನ ಮ್ಯಾಲ ಹಿಂಗೇ ಹಾಕ್ರಿ ಅಣ್ಣಾರೀ ಅಂದ್ಳು. ಯಾರೂ ಗ್ರೂಪ್ ಬಿಟ್ಟಿಲ್ಲ ನೋಡು." ಮೊಬೈಲು ಜೇಬಿಗಿಟ್ಟರು. "ಹೇಳೀನಿ ಅಂದಿದ್ದಿ ನೀ."

ನಾನು ಲ್ಯಾಪ್‌ಟಾಪ್ ನೋಡುತ್ತ ಕುಳಿತೆ. ಅವರು ಹೋದರು.

ನನ್ನ ಫೋನು ಅವಳು ಎತ್ತುವುದಿಲ್ಲ. ನನ್ನ ಗಂಡನಿಗೆ ಮಾಡುತ್ತಾಳೆ. ಮೊದಲಾಗಿದ್ದರೆ ನಾನು ಇದಕ್ಕೇ ಒಂದು ಪುಟ ಉರಿದು ಬರೆಯುತ್ತಿದ್ದೆ. ಈಗಲೂ ಉರಿಯುತ್ತದೆ, ಆದರೆ ಯಾರ ಮೇಲೆ ಎಂದು ತಿಳಿಯುತ್ತಿಲ್ಲ.

ಇವತ್ತು ಪುಟ ಕಳಿಸಬೇಕು. ಪ್ಲಾಟು ಬದಲಿಸಿದೆ. ಮಿಲ್ಲಿನವರ ಕಥೆ ತೆಗೆದೆ. ಬೋಗುಣಿ ಇಟ್ಟೆ. 'ಬರೆದವರು' ಎಂಬಲ್ಲಿ ನನ್ನ ಹೆಸರು ಹಾಕಿದೆ, ಅಳಿಸಿದೆ. ಅವಳದು ಹಾಕಿದೆ. ನನ್ನದು ಎಲ್ಲಿ ಬರಬೇಕೋ ಅಲ್ಲಿ ಬರಲಿ. ಉಳಿದದ್ದು ಸೋಮವಾರದ ಪ್ಯಾರಾ. ನೇರ ಪುಟದಲ್ಲಿ ಬರೆಯಲು ಧೈರ್ಯವಿಲ್ಲ, ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ.

"ಎಚ್ಚರಿಕೆ. ಈ ಪ್ಲಾಟು ಪ್ರತಿ ಅಂಕಿಯೂ ಒಂದು ನಿಜವಾದ ದಿನದ್ದು ಎಂದು ಒಪ್ಪಿಕೊಂಡಿರುತ್ತದೆ. ಈ ಉದಾಹರಣೆಯ ಅಂಗಡಿಯಲ್ಲಿ ಸೋಮವಾರ ತೂಕವಿಲ್ಲ. ರವಿವಾರದ ದರವನ್ನೇ ಮತ್ತೆ ಹಾಕಲಾಗುತ್ತಿತ್ತು. ಅಂಕಿ ಕೊಟ್ಟವಳಿಗೆ ಇದು ಗೊತ್ತಿತ್ತು. ಬಂದ್ ಇದ್ದ ದಿನಗಳಿವೆಯೇ ಎಂದು ಕಾಜಲ ಕೇಳಿದ್ದಳು. ಕೇಳಿದಾಗ ಅವಳು, ಅಂದರೆ ನಾನು, 'ಇಲ್ಲ' ಅಂದೆ."